ಮೇಲಿನ ಮನೆಯ ನೆಲ

ಜುಲೈ ಹನ್ನೆರಡು, ಭಾನುವಾರ, ಬೆಳಗ್ಗೆ ಏಳೂಕಾಲು. ಇದನ್ನು ಬರೆಯಲು ಕೂತಾಗ ಹೊರಗೆ ಜಿಟಿಜಿಟಿ ಮಳೆ ಹಿಡಿದುಕೊಂಡಿದೆ. ನಿನ್ನೆ ಸಂಜೆಯಿಂದ ಬಿಟ್ಟಿಲ್ಲ. ನಮ್ಮ ಅಡುಗೆಮನೆಯ ಸೂರು ಒಣಗಿದೆ. ನನಗೆ ನೆನಪಿರುವಂತೆ ಮಳೆಗಾಲದಲ್ಲಿ ಅದು ಒಣಗಿರುವುದು ಇದೇ ಮೊದಲು. ಇದಕ್ಕಾಗಿ ಸಂತೋಷಪಡಬೇಕು, ನಿಜ. ಆದರೆ ಈ ಸೂರು ಸರಿಯಾಗುವ ಹೊತ್ತಿಗೆ ನನ್ನ ಚಿಕ್ಕಪ್ಪನಿಗೆ ಸಿಗಬೇಕಾಗಿದ್ದ ಮನೆ ಇಲ್ಲವಾಗಿತ್ತು. ಅದು ಹೇಗಾಯಿತು ಎಂಬುದನ್ನು ಕ್ರಮವಾಗಿ ಬರೆದಿಡುತ್ತಿದ್ದೇನೆ. ಮನೆ ಕಟ್ಟಿಸುತ್ತಿರುವವರು ಓದಿದರೆ ಒಳ್ಳೆಯದು. ಕಟ್ಟಿಸಿ ಬಹಳ ವರ್ಷವಾದವರು ಓದಿದರೆ ಇನ್ನೂ ಒಳ್ಳೆಯದು.

ಬಸವೇಶ್ವರನಗರದಲ್ಲಿ ಮೂವತ್ತು-ನಲವತ್ತರ ಸೈಟಿನ ಮೇಲೆ ನಮ್ಮ ಮನೆಯಿದೆ. ಕಟ್ಟಿಸಿದವರು ಅಜ್ಜ. ದಾವಣಗೆರೆ ಕಡೆಯಿಂದ ಇಲ್ಲಿಗೆ ಕಾರ್ಖಾನೆಯ ಕೆಲಸಕ್ಕೆ ಬಂದು, ಕೆಲಸದಿಂದ ನಿವೃತ್ತರಾಗುವ ಹೊತ್ತಿಗೆ ಒಂದು ಅಂತಸ್ತು ಎಬ್ಬಿಸಿದರು. ಗಂಡುಮಕ್ಕಳು ಇಬ್ಬರು, ಮನೆ ಒಂದು. ಆ ಲೆಕ್ಕ ಅವರ ತಲೆಯಲ್ಲಿ ಮೊದಲಿನಿಂದಲೂ ಇತ್ತು. ಹಾಗಾಗಿ ಮೋಲ್ಡ್ ಹಾಕುವ ದಿನ, ಅಂದರೆ ಸೂರಿಗೆ ಕಾಂಕ್ರೀಟ್ ಸುರಿಯುವ ದಿನ, ಮೇಸ್ತ್ರಿಗೆ ಎರಡು ವಿಷಯ ಖಡಾಖಂಡಿತವಾಗಿ ಹೇಳಿದ್ದರಂತೆ. ಪಿಲ್ಲರ್‌ಗಳ ಕಂಬಿಯನ್ನು ಕತ್ತರಿಸಬಾರದು, ಮೇಲಿನ ಪಿಲ್ಲರ್‌ಗೆ ಜೋಡಿಸಲು ಎದೆಮಟ್ಟ ಬಿಡಬೇಕು. ತಾರಸಿಗೆ ಇಳಿಜಾರು ಕೊಡಬಾರದು, ಮಟ್ಟಸವಾಗಿರಬೇಕು. ನೀರು ಹರಿಯುವಂತೆ ಈಗ ಇಳಿಜಾರು ಗಾರೆ ಹಾಕಿದರೆ ನಾಳೆ ಮೇಲಿನ ಮನೆಗೆ ಟೈಲ್ಸ್ ಕೂರಿಸುವಾಗ ಅದನ್ನೆಲ್ಲ ಒಡೆಯಬೇಕು, ದಂಡ. ಮೇಸ್ತ್ರಿ ಏನೋ ಹೇಳಲು ಹೋದಾಗ ಅಜ್ಜ, "ಇದು ಸೂರಲ್ಲಪ್ಪ, ಮೇಲಿನ ಮನೆ ನೆಲ" ಅಂದರಂತೆ. ಅಪ್ಪ ಈ ಮಾತನ್ನು ಈಗಲೂ ಅಜ್ಜನ ದನಿಯಲ್ಲೇ ಹೇಳುತ್ತಾರೆ.

ಅಜ್ಜ ತೀರಿಕೊಳ್ಳುವ ಮುಂಚೆ ಪಾಲು ಮಾಡಿದರು. ಕೆಳಗಿನ ಮನೆ ಅಪ್ಪನಿಗೆ. ಮೇಲಿನದು ಚಿಕ್ಕಪ್ಪನಿಗೆ. ಮೇಲೆ ಇದ್ದದ್ದು ಕಂಬಿಗಳು, ನೀರಿನ ಕಪ್ಪು ಟ್ಯಾಂಕು, ಬಟ್ಟೆ ಒಣಹಾಕುವ ತಂತಿ, ಇಷ್ಟೇ. ಆದರೂ ನಮ್ಮ ಮನೆಯಲ್ಲಿ ಯಾರೂ ಅದನ್ನು ತಾರಸಿ ಎಂದು ಕರೆಯುತ್ತಿರಲಿಲ್ಲ. ಚಿಕ್ಕಪ್ಪನ ಮನೆ ಎಂದೇ ಹೇಳುತ್ತಿದ್ದೆವು. "ಚಿಕ್ಕಪ್ಪನ ಮನೇಲಿ ಹಪ್ಪಳ ಹಾಕಿದೀನಿ, ಕಾಗೆ ನೋಡ್ಕೊ" ಎಂದು ಅಮ್ಮ ನನ್ನನ್ನು ಮೇಲಕ್ಕೆ ಕಳಿಸುತ್ತಿದ್ದರು.

ಚಿಕ್ಕಪ್ಪ ಹೆಗ್ಗನಹಳ್ಳಿಯಲ್ಲಿ ಬಾಡಿಗೆಗೆ ಇದ್ದರು. ಕಾಮಾಕ್ಷಿಪಾಳ್ಯದಲ್ಲಿ ಕಬ್ಬಿಣ ಕಡೆಯುವ ಅವರದೊಂದು ಸಣ್ಣ ಲೇತ್ ವರ್ಕ್‌ಶಾಪ್. ತಿಂಗಳಿಗೊಮ್ಮೆಯಾದರೂ ಚಿಕ್ಕಮ್ಮನನ್ನು ಕರೆದುಕೊಂಡು ಬರುತ್ತಿದ್ದರು. ಬಂದವರು ಮೊದಲು ಒಳಗೆ ಬರುತ್ತಿರಲಿಲ್ಲ. ಹೊರಗಿನ ಮೆಟ್ಟಿಲು ಹತ್ತಿ ಮೇಲೆ ಹೋಗಿ, ಒಂದು ಸುತ್ತು ಹಾಕಿ, ಆಮೇಲೆ ಕೆಳಗಿಳಿದು ಅಡುಗೆಮನೆಯ ಬಾಗಿಲಲ್ಲಿ ನಿಂತು ಅಮ್ಮನನ್ನು ಕೇಳುವರು: "ಅತ್ತಿಗೆ, ನನ್ನ ಹಾಲ್‌ನಲ್ಲಿ ಬಟ್ಟೆ ಒಣಗಿಸ್ತಿದೀರಲ್ಲ, ಬಾಡಿಗೆ ಎಲ್ಲಿ?"

"ಸಂಡಿಗೆ ಕಟ್ಟಿಟ್ಟಿದೀನಿ, ತಗೊಂಡೋಗಿ. ಬಾಡಿಗೆಗೆ ವಜಾ ಮಾಡ್ಕೊಳ್ಳಿ."

ನಾನು ಶಾಲೆಯಲ್ಲಿದ್ದಾಗ ಒಂದು ಸಲ ಅವರು ರೆಡ್ ಆಕ್ಸೈಡ್ ಕಲಸಿಕೊಂಡು ಬಂದು ತಾರಸಿಯ ಮೇಲೆ ಗೆರೆ ಎಳೆದು ಕೋಣೆಗಳನ್ನು ಗುರುತು ಮಾಡಿದರು. ಹಾಲ್, ಅಡುಗೆಮನೆ, ದೇವರ ಮೂಲೆ, ಎರಡು ರೂಮು. ಬಾಗಿಲಿರುವ ಕಡೆ ಗೆರೆಯನ್ನು ಬಿಟ್ಟಿದ್ದರು. ಚಿಕ್ಕಮ್ಮ ಸಿಂಕು ಎಲ್ಲಿರಬೇಕು ಎಂದು ಬಹಳ ಹೊತ್ತು ಯೋಚಿಸಿ, ಪೂರ್ವಕ್ಕೆ ಕಿಟಕಿಯ ಕೆಳಗೆ ಎಂದು ತೀರ್ಮಾನಿಸಿದರು. ಆ ಗೆರೆಗಳು ಮಾಸಿದಾಗಲೆಲ್ಲ ಚಿಕ್ಕಪ್ಪ ಮತ್ತೆ ತೀಡುತ್ತಿದ್ದರು. ನಾವು ಮಕ್ಕಳು ಆಟವಾಡುವಾಗಲೂ ಗೋಡೆಯನ್ನು ದಾಟಿ ಹೋಗುತ್ತಿರಲಿಲ್ಲ, ಬಾಗಿಲಿಂದಲೇ ಹೋಗುತ್ತಿದ್ದೆವು.

ಸೋರುವುದು ಯಾವಾಗ ಶುರುವಾಯಿತೋ ನನಗೆ ಗೊತ್ತಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ದಿನಚರಿ ಬರೆಯಲು ಹಿಡಿದ ಮೇಲೆ ಪ್ರತಿ ವರ್ಷ ಮೊದಲ ಹನಿ ಬಿದ್ದ ದಿನವನ್ನು ಬರೆಯುತ್ತ ಬಂದೆ. ಬೇರೆ ಉದ್ದೇಶವೇನೂ ಇರಲಿಲ್ಲ. ಮೊದಮೊದಲು ಅದು ಆಷಾಢದ ಜಡಿಮಳೆಯಲ್ಲಿ ಬೀಳುತ್ತಿತ್ತು. ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಯುಗಾದಿ ಕಳೆದು ಬರುವ ಒಂದು ಗುಡುಗಿನ ಮಳೆಯೇ ಸಾಕಾಗುತ್ತಿತ್ತು. ಮಳೆ ನಿಂತ ಮೇಲೂ ಮಟ್ಟಸವಾದ ತಾರಸಿಯಲ್ಲಿ ನೀರು ತಟ್ಟೆಯಲ್ಲಿ ನಿಂತಂತೆ ನಿಂತಿರುತ್ತಿತ್ತು. ಎಲ್ಲಿಗೂ ಹೋಗಲು ದಾರಿಯಿಲ್ಲದ ನೀರು ಕಂಬಿಗಳ ಬುಡ ಹುಡುಕಿಕೊಂಡು ಒಳಗೆ ಇಳಿಯುತ್ತಿತ್ತು. ಕಂಬಿ ತುಕ್ಕು ಹಿಡಿಯದಿರಲಿ ಎಂದು ಅಪ್ಪ ಅವುಗಳ ತುದಿಗೆ ಪ್ಲಾಸ್ಟಿಕ್ ಬಾಟಲಿಗಳನ್ನು ಬೋರಲು ಹಾಕಿದ್ದರು. ತುದಿಗೆ ಟೋಪಿಯಿತ್ತು, ಬುಡ ನೀರಿನಲ್ಲಿತ್ತು.

ಇಷ್ಟು ಓದಿದವರು ಕೇಳುತ್ತಾರೆ: ರಿಪೇರಿ ಯಾಕೆ ಮಾಡಿಸಲಿಲ್ಲ? ನಮ್ಮ ಮನೆಯಲ್ಲಿ ಜಿಪುಣತನವಿರಲಿಲ್ಲ. ಮುಂಬಾಗಿಲು ತೇಗದ್ದು. ಹಾಲಿಗೆ ಗ್ರಾನೈಟ್ ಹಾಕಿಸಿದೆವು. ಅಡುಗೆಮನೆಯ ಗೋಡೆಗೆ ಸೂರಿನವರೆಗೂ ಟೈಲ್ಸ್ ಬಂತು. ಸೋರುವ ಸೂರಿನ ಕೆಳಗೆ ಎರಡು ಸಲ ಬಣ್ಣ ಬಳಿಸಿದೆವು. ಸೂರಿನ ಮೇಲ್ಮೈಗೆ ಮಾತ್ರ ಯಾರೂ ಕೈ ಹಾಕಲಿಲ್ಲ. ಕಾರಣವೇನೆಂದು ನನಗೆ ಅರ್ಥವಾದದ್ದು ಅಪ್ಪ ಅಮ್ಮ ಮಾತಾಡುವುದನ್ನು ಒಂದು ದಿನ ಕೇಳಿದ ಮೇಲೆ. ಅಮ್ಮ ಒಲೆಯ ಪಕ್ಕ ಬಕೆಟ್ ಇಡುತ್ತ, ಮೇಲೆ ಒಳ್ಳೆಯ ಗಾರೆ ಹಾಕಿಸಿದರೆ ಮುಗಿಯಿತಲ್ಲ ಎಂದರು.

"ಅದು ಅವನ ಜಾಗ ಕಣೇ," ಅಂದರು ಅಪ್ಪ. "ನಾನು ದುಡ್ಡು ಹಾಕಿದ್ರೆ ಅಣ್ಣ ಮೇಲಿನದಕ್ಕೂ ಕಣ್ಣು ಹಾಕ್ದ ಅಂತ ಆಗುತ್ತೆ."

"ಅವರು ಹಂಗೆ ಅನ್ನೋರಲ್ಲ."

"ಅನ್ನಲ್ಲ. ಮನಸ್ಸಲ್ಲೇ ಇಟ್ಕೋತಾನೆ. ಅದಕ್ಕೇ ನಂಗೆ ಹೆದರಿಕೆ."

ಅತ್ತ ಚಿಕ್ಕಪ್ಪನ ಕಡೆಯೂ ಇದೇ ಕತೆ. ಅವರಿಗೆ ಸೋರುವುದು ಗೊತ್ತಿತ್ತು. ಆದರೆ ಕಟ್ಟುವ ಶಕ್ತಿ ಬರುವ ಮೊದಲೇ ಸಿಮೆಂಟ್ ಮೂಟೆ ಹೊತ್ತುಕೊಂಡು ಅಣ್ಣನ ತಲೆಯ ಮೇಲೆ ಕೆಲಸ ಶುರು ಮಾಡಿದರೆ, ಪಾಲು ಬಿಡಿಸಿಕೊಳ್ಳಲು ಬಂದ ಹಾಗೆ ಕಾಣುತ್ತದೆ ಎಂದು ಅವರು ಅಂದುಕೊಂಡಿದ್ದರಂತೆ. ಇದನ್ನು ಚಿಕ್ಕಮ್ಮ ಬಹಳ ತಡವಾಗಿ ಅಮ್ಮನಿಗೆ ಹೇಳಿದರು. ಅಣ್ಣ ತಮ್ಮ ಒಂದು ದಿನವೂ ಜಗಳವಾಡಿದವರಲ್ಲ. ಒಂದು ವರ್ಷ ಜಗಳವಾಡಿದ್ದರೆ ಸೂರು ಉಳಿಯುತ್ತಿತ್ತೇನೋ. ಒಬ್ಬರ ಮನಸ್ಸು ಒಬ್ಬರು ನೋಯಿಸಬಾರದು ಎಂದು ಇಬ್ಬರೂ ಕಾದರು. ನೀರಿಗೆ ಆ ಸಂಕೋಚ ಇರಲಿಲ್ಲ.

ನಮ್ಮದೊಂದೇ ಮನೆ ಹೀಗೆ ಎಂದು ಅಂದುಕೊಂಡಿದ್ದೆ. ಕೆಲಸಕ್ಕೆ ಸೇರಿದ ಮೇಲೆ ದಿನವೂ ವಿಜಯನಗರದಿಂದ ಮೆಟ್ರೋ ಹಿಡಿಯುತ್ತೇನೆ. ರೈಲು ಮೇಲಿನಿಂದ ಹೋಗುವಾಗ ತಾರಸಿಗಳೆಲ್ಲ ಕಾಣುತ್ತವೆ. ಎಷ್ಟೋ ಮನೆಗಳ ತಲೆಯ ಮೇಲೆ ತುಕ್ಕು ಹಿಡಿದ ಕಂಬಿಗಳು ಆಕಾಶ ನೋಡುತ್ತ ನಿಂತಿವೆ. ಒಂದು ದಿನ ಎಣಿಸಲು ಹೊರಟೆ. ಎರಡು ಸ್ಟೇಷನ್ ದಾಟುವುದರೊಳಗೆ ಬಿಟ್ಟೆ. ಮುಂಭಾಗಕ್ಕೆ ಕಲ್ಲಿನ ಹೊದಿಕೆ, ಗೇಟಿಗೆ ಹಿತ್ತಾಳೆಯ ಹೂವು, ಮೇಲೆ ಮಾತ್ರ ಹಸಿರು ಪಾಚಿ. ಯಾರಿಗೂ ತಮ್ಮ ಮನೆಗೆ ಸೂರು ಇದೆ ಎಂದು ಅನ್ನಿಸಿಯೇ ಇಲ್ಲ. ಮಗನ ಮನೆಯ ನೆಲವೋ, ಬಾಡಿಗೆ ಬರುವ ಅಂತಸ್ತಿನ ನೆಲವೋ ಇದೆ ಅಷ್ಟೇ. ಬರಲಿರುವ ಮನೆಗಾಗಿ ಇರುವ ಮನೆಯನ್ನು ನೆನೆಯಲು ಬಿಟ್ಟಿದ್ದಾರೆ.

ಕಳೆದ ದೀಪಾವಳಿಗೆ ಚಿಕ್ಕಪ್ಪ ಮಾಮೂಲಿನಂತೆ ಮೇಲೆ ಸುತ್ತು ಹಾಕಿ ಬಂದವರು ತಮಾಷೆ ಮಾಡಲಿಲ್ಲ. ಅಪ್ಪನ ಪಕ್ಕ ಕೂತು, ಲೇತ್ ವರ್ಕ್‌ಶಾಪನ್ನು ಜೊತೆಗಾರರಿಗೆ ಮಾರಿಬಿಟ್ಟೆ, ದುಡ್ಡು ಬಂದಿದೆ, ಈಗ ಕಟ್ಟಬಹುದು ಎಂದು ನಿಧಾನವಾಗಿ ಹೇಳಿದರು. ಹೆಗ್ಗನಹಳ್ಳಿಯ ಮನೆಯ ಓನರ್ ಬೇಸಿಗೆಯೊಳಗೆ ಖಾಲಿ ಮಾಡಿ ಎಂದಿದ್ದರಂತೆ. ಅಪ್ಪ ಎದ್ದು ತಮ್ಮನ ಭುಜ ತಟ್ಟಿದರು. ಅಮ್ಮ ದೇವರ ಮುಂದೆ ಸಕ್ಕರೆ ಇಟ್ಟು ಎಲ್ಲರಿಗೂ ಕೊಟ್ಟರು. ಸಂಕ್ರಾಂತಿ ಕಳೆದ ಕೂಡಲೇ ಪಿಲ್ಲರ್ ಎಬ್ಬಿಸುವುದು, ಯುಗಾದಿಯ ಹೊತ್ತಿಗೆ ಮೋಲ್ಡ್ ಎಂದು ಮಾತಾಯಿತು. ಮೇಲಿನ ಮನೆಯ ಸೂರಿಗೆ ಇಳಿಜಾರು ಕೊಡಬೇಕೋ ಬೇಡವೋ ಎಂಬ ಚರ್ಚೆಯೂ ಅಂದೇ ನಡೆಯಿತು. ಅದರ ಮೇಲೂ ಯಾರಾದರೂ ಕಟ್ಟಬಹುದಲ್ಲ ಎಂದು ಚಿಕ್ಕಪ್ಪ ನನ್ನ ಕಡೆ ನೋಡಿ ನಕ್ಕರು.

ಅದಾದ ಹದಿನೈದು ದಿನದಲ್ಲಿ, ಮಳೆಯೇ ಇಲ್ಲದ ಒಂದು ಮಧ್ಯಾಹ್ನ, ಅಡುಗೆಮನೆಯ ಸೂರಿನ ಒಂದು ಚಕ್ಕೆ ಕಳಚಿ ಬಿತ್ತು. ಅಮ್ಮ ಬಾಗಿಲಲ್ಲಿ ತರಕಾರಿಯವನ ಹತ್ತಿರ ಮಾತಾಡುತ್ತಿದ್ದರು, ಅದರಿಂದ ಉಳಿದರು. ಒಲೆಯ ಕಟ್ಟೆಯ ಮೇಲೆ ಕಾಂಕ್ರೀಟಿನ ಚೂರು, ಮೇಲೆ ತೆರೆದ ಜಾಗದಲ್ಲಿ ಊದಿಕೊಂಡ ಕಂಬಿ. ತುಕ್ಕು ಹಿಡಿದ ಕಬ್ಬಿಣ ಊದಿ ತನ್ನ ಸುತ್ತಲಿನ ಕಾಂಕ್ರೀಟನ್ನು ತಾನೇ ಒಡೆಯುತ್ತದೆ ಎಂಬುದು ನಮಗೆ ಆಮೇಲೆ ತಿಳಿಯಿತು. ಅಪ್ಪ ಆ ಚೂರುಗಳನ್ನು ಗುಡಿಸಿ ಎತ್ತಿದರು. ಚಿಕ್ಕಪ್ಪನಿಗೆ ಹೇಳುವುದು ಬೇಡ, ಶುಭಕಾರ್ಯ ಹಿಡಿದಿದ್ದಾನೆ ಎಂದರು.

ಆದರೆ ಕಟ್ಟುವ ಮೊದಲು ಎಂಜಿನಿಯರ್ ಬರಲೇಬೇಕಿತ್ತು. ಮಹಾಲಕ್ಷ್ಮಿ ಲೇಔಟ್‌ನಿಂದ ಒಬ್ಬ ನಡುವಯಸ್ಸಿನ ಹೆಂಗಸು ಬಂದರು. ಚಿಕ್ಕಪ್ಪ ಮೇಲೆ ಅಳತೆ ಟೇಪು ಹಿಡಿದು ಕಾಯುತ್ತಿದ್ದರೆ, ಅವರು ಕೆಳಗೇ ಬಹಳ ಹೊತ್ತು ನಿಂತರು. ಚಿಕ್ಕ ಸುತ್ತಿಗೆಯಿಂದ ಪಿಲ್ಲರ್‌ಗಳನ್ನು ಬಡಿದು ಕಿವಿಗೊಟ್ಟು ಕೇಳಿದರು. ಅಡುಗೆಮನೆಯ ಮೂಲೆಯ ಪಿಲ್ಲರ್ ಡಬ್ಬದ ಹಾಗೆ ಸದ್ದು ಮಾಡಿತು. ಅಪ್ಪನ ಅನುಮತಿ ಕೇಳಿ ಅಲ್ಲಿ ಸ್ವಲ್ಪ ಕೆತ್ತಿಸಿದರು. ಎರಡು ದಿನ ಬಿಟ್ಟು ಮತ್ತೆ ಬಂದು, ಮಿಕ್ಕ ಪಿಲ್ಲರ್‌ಗಳನ್ನೂ ಉಪಕರಣಗಳಿಂದ ಪರೀಕ್ಷೆ ಮಾಡಿ, ಅಣ್ಣ ತಮ್ಮ ಇಬ್ಬರನ್ನೂ ಹಾಲಿನಲ್ಲಿ ಕೂರಿಸಿಕೊಂಡು ಹೇಳಿದರು.

"ಸಾರ್, ಮೇಲೆ ಇನ್ನೊಂದು ಮನೆ ಹೊರೋ ಶಕ್ತಿ ಇದಕ್ಕಿಲ್ಲ."

ಚಿಕ್ಕಪ್ಪ ಪಿಲ್ಲರ್ ದಪ್ಪ ಮಾಡಿಸಿದರೆ ಆಗುತ್ತದೆಯೇ ಎಂದು ಕೇಳಿದರು. ಪಾಯದಿಂದಲೇ ಮಾಡಿಸಬೇಕು, ಎಲ್ಲವನ್ನೂ ಮಾಡಿಸಬೇಕು, ಅಷ್ಟು ಖರ್ಚು ಮಾಡುವುದಾದರೆ ಕೆಡವಿ ಹೊಸದಾಗಿ ಕಟ್ಟುವುದೇ ಮೇಲು ಎಂದರು ಅವರು. ಕೆಡವಿ ಕಟ್ಟುವಷ್ಟು ಇಬ್ಬರ ಹತ್ತಿರವೂ ಇರಲಿಲ್ಲ. ಅದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಮೊದ್ಲೇ ಮೇಲೆ ಸರಿಯಾಗಿ ಇಳಿಜಾರು ಕೊಟ್ಟು, ನೀರು ಇಳಿಯದ ಹಾಗೆ ಮಾಡ್ಸಿದ್ರೆ ಈ ಪಿಲ್ಲರ್‌ಗಳು ಇನ್ನೊಂದು ಮಾಳಿಗೆ ಆರಾಮಾಗಿ ಹೊರ್ತಿದ್ವು," ಅಂದರು ಎಂಜಿನಿಯರ್. "ಇಷ್ಟು ವರ್ಷ ಯಾಕೆ ಬಿಟ್ರಿ?"

ಅಪ್ಪ ನೆಲ ನೋಡಿದರು. ಚಿಕ್ಕಪ್ಪ ಕಿಟಕಿ ನೋಡಿದರು.

ಎಂಜಿನಿಯರ್ ಹೋದ ಮೇಲೆ ಚಿಕ್ಕಪ್ಪ ಮೇಲೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಅಮ್ಮ ನನ್ನ ಕೈಲಿ ಕಾಫಿ ಕೊಟ್ಟು ಕಳಿಸಿದರು. ಅವರು ಅಡುಗೆಮನೆಯ ಗೆರೆಯೊಳಗೆ, ಕಿಟಕಿ ಬರಬೇಕಾಗಿದ್ದ ಜಾಗದಲ್ಲಿ ನಿಂತಿದ್ದರು. ನಾನು ಲೋಟ ಕೊಟ್ಟಾಗ, "ನಿಂತ್ಕೊಂಡು ಯಾಕಮ್ಮ, ಹಾಲ್‌ಗೆ ಬಾ, ಕೂತ್ಕೊಂಡು ಕುಡಿಯೋಣ" ಅಂದರು. ಹಾಲ್‌ನ ಗೆರೆಯೊಳಗೆ ಬಂದು ಇಬ್ಬರೂ ನೆಲದ ಮೇಲೆ ಕೂತೆವು.

ಆದರೂ ಅಷ್ಟು ಸುಲಭವಾಗಿ ಯಾರು ತಾನೆ ಬಿಡುತ್ತಾರೆ. ಮುಂದಿನ ವಾರ ಚಿಕ್ಕಪ್ಪ ತಮಗೆ ಪರಿಚಯದ ಮೇಸ್ತ್ರಿಯೊಬ್ಬರನ್ನು ಕರೆದುಕೊಂಡು ಬಂದರು. ಅವರು ತಾರಸಿಯ ಮೇಲೆ ನಿಂತು ಕಾಲಿನಿಂದ ಎರಡು ಸಲ ಕುಟ್ಟಿ, ಕಲ್ಲಿನಂತೆ ಗಟ್ಟಿಯಾಗಿದೆ, ಈ ಏರಿಯಾದಲ್ಲಿ ಎಲ್ಲ ಮನೆಗಳೂ ಹೀಗೇ ನಿಂತಿವೆ, ಓದಿದವರು ಹೆದರಿಸುತ್ತಾರೆ ಎಂದರು. ಚಿಕ್ಕಪ್ಪನ ಮುಖದಲ್ಲಿ ಬೆಳಕು ಬಂದದ್ದನ್ನು ನಾನು ಕಂಡೆ. ಅಪ್ಪ ಬೇಡ ಎನ್ನಲಿಲ್ಲ. ಎನ್ನಲು ಅವರಿಂದ ಆಗುತ್ತಿರಲಿಲ್ಲ; ತಮ್ಮನ ಪಾಲನ್ನು ತಾನು ತಡೆದಂತಾಗುತ್ತಿತ್ತು. ಅದೇ ಹಳೆಯ ಸಂಕೋಚ ಈಗ ನಮ್ಮೆಲ್ಲರ ತಲೆಯ ಮೇಲೆ ಒಂದು ಮನೆ ಹೊರಿಸಲು ಸಿದ್ಧವಾಗಿತ್ತು.

ಮಾತಾಡಿದ್ದು ಅಮ್ಮ. ಮೇಸ್ತ್ರಿಗೆ ಮಜ್ಜಿಗೆ ಕೊಟ್ಟು, ಮೈದುನನ ಕಡೆ ತಿರುಗಿ, "ಒಂದ್ಸಲ ಒಳಗೆ ಬಂದು ನಿಮ್ಮ ನೆಲಾನ ಕೆಳಗಿಂದ ನೋಡಿ" ಎಂದರು.

ಚಿಕ್ಕಪ್ಪ ಅಡುಗೆಮನೆಗೆ ಬಂದರು. ಅಷ್ಟು ವರ್ಷ ಆ ಬಾಗಿಲಲ್ಲಿ ನಿಂತು ಹರಟಿದ್ದರೂ ಅವರು ತಲೆಯೆತ್ತಿ ನೋಡಿದ್ದು ಅದೇ ಮೊದಲು. ಸ್ಟೂಲ್ ಹತ್ತಿ ತೆರೆದ ಕಂಬಿಯನ್ನು ಹಿಡಿದರು. ಕಬ್ಬಿಣದ ಜೊತೆಯೇ ಜೀವನ ಕಳೆದ ಕೈ ಅದು. ಪದರ ಪದರವಾಗಿ ತುಕ್ಕು ಬೆರಳಿಗೆ ಬಂತು. ಅದನ್ನು ಉಜ್ಜಿ ನೋಡಿ, ಕೆಳಗಿಳಿದು, ಮೇಸ್ತ್ರಿಗೆ ಸುಮ್ಮನೆ ಕೈಮುಗಿದು ಕಳಿಸಿಕೊಟ್ಟರು. ಆಮೇಲೆ ಅಪ್ಪನನ್ನು ಕೇಳಿದರು: "ಅತ್ತಿಗೆ ದಿನಾ ಇದರ ಕೆಳಗಾ ಅಡುಗೆ ಮಾಡೋದು?"

ಅಪ್ಪ ಅಳಲು ಶುರು ಮಾಡಿದರು. ಅಜ್ಜ ಹೋದಾಗ ಬಿಟ್ಟರೆ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಕೆಳಗಿನ ಮನೆಯನ್ನು ನೀನು ತೆಗೆದುಕೋ, ನಾವು ಬಾಡಿಗೆಗೆ ಹೋಗುತ್ತೇವೆ, ನನಗೆ ಪೆನ್ಷನ್ ಇದೆ ಎಂದರು.

"ಇಷ್ಟು ವರ್ಷ ನೀನಿದ್ದು, ಈಗ ಸೋರೋ ಮನೆ ನನಗೆ ಕಟ್ತೀಯಾ ಅಣ್ಣ?" ಅಂದರು ಚಿಕ್ಕಪ್ಪ. ನಾವು ಸ್ವಲ್ಪ ನಕ್ಕೆವು. ನಗು ನಿಂತ ಮೇಲೆ ಅವರು ಮೆಲ್ಲಗೆ ಹೇಳಿದರು: "ನೆಲ ನಂದು ತಾನೆ. ನನ್ನ ನೆಲ ನಾನು ಹಾಕಿಸ್ತೀನಿ. ಬೇಡ ಅನ್ಬೇಡ."

ಏಪ್ರಿಲ್‌ನಲ್ಲಿ ಕೆಲಸ ಹಿಡಿದೆವು. ಕೆಳಗಿನ ಕೆಲಸ ಅಪ್ಪನದು: ಸಡಿಲವಾದ ಕಾಂಕ್ರೀಟ್ ಕೆತ್ತುವುದು, ಕಂಬಿಯ ತುಕ್ಕು ತೆಗೆದು ಮದ್ದು ಹಚ್ಚುವುದು, ಪಿಲ್ಲರ್‌ಗಳಿಗೆ ಸುತ್ತಲೂ ಹೊಸ ಕವಚ ಕಟ್ಟುವುದು. ಮೇಲಿನದು ಚಿಕ್ಕಪ್ಪನದು. ಕಂಬಿಗಳನ್ನು ಬುಡಮಟ್ಟ ಕತ್ತರಿಸಲು ಗ್ರೈಂಡರ್ ತಂದ ದಿನ ಅವರು ಬೇರೆಯವರ ಕೈಗೆ ಬಿಡದೆ ತಾವೇ ಕತ್ತರಿಸಿದರು. ಕಿಡಿ ಹಾರುವಾಗ ಕಣ್ಣಿಗೆ ಕನ್ನಡಕ ಹಾಕಿಕೊಂಡಿದ್ದರು, ಆದ್ದರಿಂದ ಅವರ ಮುಖ ಹೇಗಿತ್ತೋ ಹೇಳಲಾರೆ. ಮರುದಿನ ಇಳಿಜಾರಿನ ಗಾರೆ ಹಾಕುವ ಮೊದಲು ಚಿಕ್ಕಮ್ಮ ಬಂದರು. ಬಾಗಿಲಿಗೆಂದು ಗೆರೆ ಬಿಟ್ಟಿದ್ದ ಜಾಗದಲ್ಲಿ ಚಪ್ಪಲಿ ಕಳಚಿ ಒಳಗೆ ಹೋದರು. ಹಾಲ್ ದಾಟಿ, ರೂಮುಗಳನ್ನು ನೋಡಿ, ದೇವರ ಮೂಲೆಯಲ್ಲಿ ಒಂದು ಗಳಿಗೆ ನಿಂತು, ಬಂದ ದಾರಿಯಲ್ಲೇ ಹೊರಬಂದು ಚಪ್ಪಲಿ ಮೆಟ್ಟಿಕೊಂಡರು. ಗಾರೆ ಕಲಸುವವರು ಕೆಲಸ ನಿಲ್ಲಿಸಿ ಪಕ್ಕಕ್ಕೆ ಸರಿದಿದ್ದರು. ಅವರಿಗೆ ಯಾರೂ ಹೇಳಿರಲಿಲ್ಲ.

ಗಾರೆ ಒಣಗಿ, ನೀರು ತಡೆಯುವ ಲೇಪ ಬಿದ್ದ ಮೇಲೆ ಎಂಜಿನಿಯರ್ ಒಂದು ಪರೀಕ್ಷೆ ಹೇಳಿದ್ದರು. ನೀರು ಹೊರಹೋಗುವ ಬಾಯಿ ಮುಚ್ಚಿ, ತಾರಸಿಯ ಮೇಲೆ ಬೇಕೆಂದೇ ನೀರು ನಿಲ್ಲಿಸಬೇಕು. ಮೂರು ದಿನ ನಿಲ್ಲಿಸಿದೆವು. ಅಮ್ಮ ಒಗ್ಗರಣೆ ಹಾಕುವಾಗಲೂ ಮೇಲೆ ನೋಡುತ್ತಿದ್ದರು. ಏನೂ ಇಳಿಯಲಿಲ್ಲ. ಆಮೇಲೆ ಬಿಸಿಲು ತಡೆಯುವ ಬಿಳಿ ಟೈಲ್ಸ್ ಹಾಕಿಸಿದರು ಚಿಕ್ಕಪ್ಪ. ಈಗ ಕೆಳಗೆ ಮಧ್ಯಾಹ್ನದ ಸೆಖೆಯೂ ಕಡಿಮೆಯಾಗಿದೆ.

ಒಳ್ಳೆಯ ಸೂರು ಎಂದರೆ ಇಷ್ಟೇ ಎಂದು ನನಗೆ ತೋರುತ್ತದೆ: ನೀರಿಗೆ ಒಂದು ದಾರಿ, ಕಬ್ಬಿಣಕ್ಕೆ ಒಣ ಜಾಗ, ವರ್ಷಕ್ಕೊಮ್ಮೆ ಮಳೆಗೆ ಮುಂಚೆ ಮೇಲೆ ಹತ್ತಿ ನೋಡುವ ಒಬ್ಬ ಮನುಷ್ಯ. ತೇಗದ ಬಾಗಿಲನ್ನು ಮೂರು ವರ್ಷ ಬಿಟ್ಟು ಹಾಕಿಸಬಹುದು. ಸೂರನ್ನು ಮುಂದೂಡಿದರೆ ಸೂರಿನ ಜೊತೆ ಗೋಡೆ, ಪಿಲ್ಲರ್, ಅದರ ಮೇಲೆ ಕಟ್ಟಿಕೊಂಡ ಆಸೆ, ಎಲ್ಲವೂ ಒಟ್ಟಿಗೆ ನೆನೆಯುತ್ತವೆ. ಮುಂದೆ ಮೇಲೆ ಕಟ್ಟುವವರಿಗಂತೂ ಇವತ್ತಿನ ಸೂರು ಇನ್ನೂ ಮುಖ್ಯ. ಅಜ್ಜ ಉಳಿಸಲು ಹೊರಟದ್ದು ಒಂದು ದಿನದ ಗಾರೆಯ ಖರ್ಚು.

ಚಿಕ್ಕಪ್ಪ ಚಿಕ್ಕಮ್ಮ ಮೇ ತಿಂಗಳಲ್ಲಿ ಕೆಂಗೇರಿಯ ಕಡೆ ಬಾಡಿಗೆ ಮನೆಗೆ ಹೋದರು. ಅಪ್ಪ ಕೆಳಗಿನ ಮನೆಯಲ್ಲಿ ಅರ್ಧವನ್ನು ತಮ್ಮನ ಹೆಸರಿಗೆ ಬರೆಯಬೇಕು ಎಂದು ಹಟ ಹಿಡಿದಿದ್ದಾರೆ. ಇರುವುದೇ ಎರಡು ರೂಮು, ಅದರಲ್ಲಿ ಅರ್ಧ ಎಂದರೆ ಏನು ಎಂದು ಚಿಕ್ಕಪ್ಪ ಕೇಳುತ್ತಾರೆ. ಚಿಕ್ಕಪ್ಪನ ಪಾಲು ಇನ್ನೂ ಚಿಕ್ಕಪ್ಪನದೇ. ಅದರ ಮೇಲೆ ಗೋಡೆ ಏಳುವಂತಿಲ್ಲ, ಅಷ್ಟೇ.

ಅದಕ್ಕಾಗಿ ಓದಿದವರಲ್ಲಿ ಕೇಳುತ್ತಿದ್ದೇನೆ. ನಿಮ್ಮ ಕುಟುಂಬದಲ್ಲಿಯೂ ಕೆಳಗಿನದು ಒಬ್ಬರಿಗೆ, ಮೇಲಿನದು ಒಬ್ಬರಿಗೆ ಎಂದು ಪಾಲಾಗಿ, ಮೇಲೆ ಕಟ್ಟಲಾಗದೆ ಹೋಗಿದ್ದರೆ, ಇಬ್ಬರಿಗೂ ನೋವಾಗದಂತೆ ಹೇಗೆ ತೀರ್ಮಾನಿಸಿಕೊಂಡಿರಿ? ಇಂಥ ಪಿಲ್ಲರ್‌ಗಳ ಮೇಲೆ ಹಗುರವಾದ ಒಂದು ಕೋಣೆಯನ್ನಾದರೂ ಅಪಾಯವಿಲ್ಲದೆ ನಿಲ್ಲಿಸಿದವರು ಇದ್ದಾರೆಯೇ? ತಿಳಿದವರು ದಯವಿಟ್ಟು ಬರೆಯಿರಿ. ಬರೆಯುವಾಗ ನಿಮ್ಮ ಮನೆಯ ಸೂರು ಯಾರ ಪಾಲಿನದು, ಅದನ್ನು ನೋಡಿಕೊಳ್ಳುವುದು ಯಾರ ಹೊಣೆ ಎಂದು ಮೊದಲೇ ಮಾತಾಡಿಕೊಂಡಿದ್ದಿರಾ ಎಂಬುದನ್ನೂ ತಿಳಿಸಿ.